ಹಳೇ ಜೀಪಿನ ಅಕ್ರಿಲಿಕ್ ಕಿಟಕಿ ಗೀರು ಬಿದ್ದು ಮಂಜಾಗಿದ್ಯಾ? ಹೊಸದು ಹಾಕ್ಸೋಕೆ ಮುಂಚೆ ಇದನ್ನ ಓದಿ

ಮೂಡಿಗೆರೆ: ಕಳೆದ ಮಳೆಗಾಲದ ಒಂದು ಸಂಜೆ. ನಮ್ಮ ಸೋದರಮಾವ ತೋಟದಿಂದ ಜೀಪು ತಗೊಂಡು ಮೇನ್ ರೋಡಿಗೆ ಹತ್ತಿಸ್ತಾ ಇದ್ರು. ಪಕ್ಕದಲ್ಲಿ ನಾನಿದ್ದೆ. ಬಲಗಡೆಯಿಂದ ಒಂದು ಬೈಕ್ ಬಂತು. ಅದರ ಹೆಡ್‌ಲೈಟ್ ಬೆಳಕು ಮಾವನ ಪಕ್ಕದ ಕಿಟಕಿಗೆ ಬಿದ್ದದ್ದೇ ತಡ, ಇಡೀ ಕಿಟಕಿ ಹಾಲು ಸುರಿದ ಹಾಗೆ ಬೆಳ್ಳಗಾಯ್ತು. ಬೈಕೂ ಕಾಣ್ಲಿಲ್ಲ, ರಸ್ತೆಯೂ ಕಾಣ್ಲಿಲ್ಲ. ಬೈಕಿನ ಹುಡುಗ ಜೋರಾಗಿ ಬ್ರೇಕ್ ಹಿಡಿದಿದ್ದಕ್ಕೆ ಇಬ್ಬರೂ ಬಚಾವ್.

ಮಾವ ಮನೆಗೆ ಬಂದವರೇ ಕಣ್ಣಿಗೆ ಪೊರೆ ಬಂದಿರಬೇಕು, ಡಾಕ್ಟ್ರಿಗೆ ತೋರಿಸ್ಬೇಕು ಅಂದ್ರು. ತೋರಿಸಿದ್ದೂ ಆಯ್ತು. ಕಣ್ಣು ಚೆನ್ನಾಗೇ ಇತ್ತು. ಪೊರೆ ಬಂದಿದ್ದು ಜೀಪಿನ ಕಿಟಕಿಗೆ.

ನಮ್ಮ ತಾಲ್ಲೂಕಿನಲ್ಲಿ ಇಂಥ ಜೀಪುಗಳು ಇನ್ನೂ ಎಷ್ಟೋ ಓಡ್ತಿವೆ. ಮುಂದಿನ ಗಾಜು ನಿಜವಾದ ಗಾಜೇ. ಆದರೆ ಹುಡ್ ಮತ್ತು ಪಕ್ಕದ ಡೋರಿಗೆ ಯಾವುದೋ ಕಾಲದಲ್ಲಿ ಬಾಡಿ ಕಟ್ಟೋರು ಕೂರಿಸಿದ ಅಕ್ರಿಲಿಕ್ ಶೀಟು ಇರುತ್ತೆ. ಹತ್ತಾರು ವರ್ಷ ಧೂಳು ಒರೆಸಿ ಒರೆಸಿ ಅದು ಮಂಜಾಗಿರುತ್ತೆ. ಎಷ್ಟೋ ಜನ ಇದು ಹೋಯ್ತು ಅಂತ ಬಿಸಾಕ್ತಾರೆ, ಇಲ್ಲಾ ಹಾಗೇ ಓಡಿಸ್ತಾರೆ. ಎರಡೂ ಬೇಡ. ಅಕ್ರಿಲಿಕ್ ಗೀರನ್ನ ಮನೆಯಲ್ಲೇ ತೆಗೀಬಹುದು. ಆದರೆ ಕ್ರಮ ತಪ್ಪಿದ್ರೆ ಇದ್ದದ್ದೂ ಹೋಗುತ್ತೆ. ಅದು ನನ್ನ ಕೈಯಲ್ಲೇ ಆಗಿದೆ, ಮುಂದೆ ಹೇಳ್ತೀನಿ.

ಅಕ್ರಿಲಿಕ್ ಅಂದ್ರೆ ಏನು?

ಇದು ಗಾಜಿನಂತೆ ಕಾಣುವ ಒಂದು ಪ್ಲಾಸ್ಟಿಕ್. 1930ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್ ಅಂತ, ಇಂಗ್ಲೆಂಡಿನಲ್ಲಿ ಪರ್ಸ್ಪೆಕ್ಸ್ ಅಂತ ಹೆಸರಾಯ್ತು. ತೂಕ ಗಾಜಿನ ಅರ್ಧಕ್ಕಿಂತ ಕಮ್ಮಿ. ಹೊಸ ಶೀಟು ತನ್ನ ಮೇಲೆ ಬೀಳುವ ಬೆಳಕಿನಲ್ಲಿ ಶೇ 92ರಷ್ಟನ್ನ ಒಳಗೆ ಬಿಡುತ್ತೆ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ ಇದರದ್ದೇ. ಆ ಮುಚ್ಚಳ ಒಡೆದು ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಾಗ, ಕಣ್ಣು ಅದನ್ನ ಸಹಿಸಿಕೊಳ್ಳೋದನ್ನ ಹೆರಾಲ್ಡ್ ರಿಡ್ಲೆ ಎಂಬ ಇಂಗ್ಲಿಷ್ ಡಾಕ್ಟರ್ ಗಮನಿಸಿದ್ರು. 1949ರಲ್ಲಿ ಲಂಡನ್ನಿನಲ್ಲಿ ಇದೇ ವಸ್ತುವಿನ ಲೆನ್ಸನ್ನ ಪೊರೆ ತೆಗೆದ ಕಣ್ಣಿನೊಳಗೆ ಕೂರಿಸಿದ್ರು. ಇವತ್ತು ಪೊರೆ ಆಪರೇಷನ್‌ನಲ್ಲಿ ಲೆನ್ಸ್ ಹಾಕೋದು ಶುರುವಾಗಿದ್ದೇ ಅಲ್ಲಿಂದ.

ಇದರ ದೊಡ್ಡ ದೋಷ ಅಂದ್ರೆ ಮೆತ್ತಗಿರೋದು. ನಮ್ಮ ರಸ್ತೆ ಧೂಳಿನಲ್ಲಿ ಮರಳಿನ ಸಣ್ಣ ಕಣಗಳು ಇರುತ್ತವೆ, ಅವು ಅಕ್ರಿಲಿಕ್‌ಗಿಂತ ಬಹಳ ಗಟ್ಟಿ. ಒಣ ಬಟ್ಟೆಯಲ್ಲಿ ಕಿಟಕಿ ಒರೆಸಿದ್ರೆ ಮರಳು ಕಾಗದದಲ್ಲಿ ಉಜ್ಜಿದ ಹಾಗೇ. ಒಳ್ಳೇದೂ ಅದರಲ್ಲೇ ಇದೆ. ಮೆತ್ತಗಿರೋದ್ರಿಂದಲೇ ಅದನ್ನ ಮತ್ತೆ ಉಜ್ಜಿ ನಯ ಮಾಡೋಕೆ ಆಗುತ್ತೆ. ಗಾಜಿನ ಗೀರು ಮನೆಯಲ್ಲಿ ಇಷ್ಟು ಸುಲಭಕ್ಕೆ ಹೋಗಲ್ಲ.

ಮೊದಲು ಇದು ಅಕ್ರಿಲಿಕ್ಕೇನಾ ನೋಡಿ

ಎಲ್ಲಾ ಪಾರದರ್ಶಕ ಶೀಟೂ ಒಂದೇ ಅಲ್ಲ.

- ಗಾಜು: ಬೆರಳಿನ ಗೆಣ್ಣಿನಿಂದ ತಟ್ಟಿದ್ರೆ ಟಣ್ ಅನ್ನುತ್ತೆ, ಮುಟ್ಟಿದ್ರೆ ತಣ್ಣಗಿರುತ್ತೆ. ಪ್ಲಾಸ್ಟಿಕ್ ಟಪ್ ಅನ್ನುತ್ತೆ.
- ಹುಡ್‌ಗೆ ಹೊಲಿದಿರೋ ಮೆತ್ತನೆ, ಮಡಚೋಕೆ ಬರುವ ಹಾಳೆ: ಇದು ಪಿವಿಸಿ. ಇದಕ್ಕೆ ವಾಟರ್ ಪೇಪರ್ ಹಾಕ್ಬೇಡಿ. ತೀರಾ ಹಳದಿಯಾಗಿದ್ರೆ ಹುಡ್ ಹೊಲಿಯೋರ ಹತ್ರ ಬದಲಾಯಿಸ್ಕೊಳ್ಳಿ.
- ಪಾಲಿಕಾರ್ಬೊನೇಟ್: ಗಟ್ಟಿಯಾಗೇ ಇರುತ್ತೆ, ಆದರೆ ಬಗ್ಗಿಸಿದ್ರೆ ಮುರಿಯಲ್ಲ. ಹೆಲ್ಮೆಟ್ ವೈಸರ್ ಸಾಮಾನ್ಯವಾಗಿ ಇದೇ. ಮೇಲೆ ತೆಳು ಗಟ್ಟಿ ಲೇಪನ ಇರುತ್ತೆ. ಉಜ್ಜಿದ್ರೆ ಆ ಲೇಪನ ಹೋಗಿ ಇನ್ನೂ ಕೆಡುತ್ತೆ. ಗೀರು ಬಿದ್ದ ಹೆಲ್ಮೆಟ್ ವೈಸರನ್ನ ಉಜ್ಜೋಕೆ ಹೋಗದೆ ಹೊಸದು ಹಾಕ್ಸಿ.
- ಅಕ್ರಿಲಿಕ್: ಗಟ್ಟಿ, ಬಗ್ಗಿಸಿದ್ರೆ ಚಟ್ ಅಂತ ಮುರಿಯುವ ಜಾತಿ. ಜೀಪಿನ ಡೋರಿನಲ್ಲಿ ಜಾರಿಸುವ ಕಿಟಕಿ, ಅಂಗಡಿ ಕೌಂಟರ್, ಬೋರ್ಡು ಹೆಚ್ಚಾಗಿ ಇದೇ.

ಗೀರಾ, ಒಳಬಿರುಕಾ?

ಕಿಟಕಿ ಮೇಲೆ ಅಡ್ಡಡ್ಡ ಉಗುರು ಎಳೀರಿ. ಉಗುರಿಗೆ ಏನೂ ಸಿಗದೆ ಕಣ್ಣಿಗೆ ಮಾತ್ರ ಕಾಣ್ತಿದ್ರೆ ಪಾಲಿಷ್ ಒಂದೇ ಸಾಕು. ಉಗುರು ಸ್ವಲ್ಪ ತಡೆದ್ರೆ 1500 ನಂಬರ್ ವಾಟರ್ ಪೇಪರಿಂದ ಶುರು ಮಾಡಿ. ಉಗುರು ಪೂರ್ತಿ ಸಿಕ್ಕಿ ನಿಂತ್ರೆ 800ರಿಂದ.

ಇನ್ನೊಂದಿದೆ. ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದ್ರೆ ಶೀಟಿನ ಒಳಗೆ ಬೆಳ್ಳಿ ಎಳೆ ಥರ ಸಣ್ಣ ಸಣ್ಣ ಬಿರುಕು ಮಿಂಚುತ್ತವೆ. ಹೆಚ್ಚಾಗಿ ಸ್ಕ್ರೂ ತೂತಿನ ಸುತ್ತ, ಅಂಚಿನಲ್ಲಿ ಇರುತ್ತೆ. ಇದು ಗೀರಲ್ಲ. ಉಜ್ಜಿದ್ರೆ ಹೋಗಲ್ಲ. ಇದು ಕಣ್ಣಿನ ನೇರಕ್ಕೆ ಬಂದಿದ್ರೆ ಶೀಟು ಬದಲಾಯಿಸೋದೇ ದಾರಿ.

ನಾನು ಮಾಡಿದ ತಪ್ಪು

ಮಾವನ ಜೀಪಿನ ಎಡಗಡೆ ಕಿಟಕಿಯಲ್ಲಿ ಹಳೇ ಸ್ಟಿಕ್ಕರ್ ಅಂಟು ಇತ್ತು. ಬೇಗ ಹೋಗಲಿ ಅಂತ ಪೇಂಟ್ ಥಿನ್ನರ್ ಬಟ್ಟೆಗೆ ಹಾಕಿ ಒರೆಸಿದೆ. ಅಂಟೇನೋ ಹೋಯ್ತು. ಸ್ವಲ್ಪ ಹೊತ್ತಿನಲ್ಲೇ ಒರೆಸಿದ ಜಾಗ ಬೆಳ್ಳಗಾಗಿ, ಒಣಗಿದ ಕೆರೆ ಮಣ್ಣಿನ ಹಾಗೆ ಬಿರುಕು ಬಿಡ್ತು. ಮಾವ ಒಂದು ಮಾತೂ ಬೈಲಿಲ್ಲ. ಅದು ಅವರಪ್ಪ ಹಾಕ್ಸಿದ್ದ ಕಿಟಕಿ. ಬೈದಿದ್ರೇ ಚೆನ್ನಾಗಿತ್ತು.

ಆಗಿದ್ದು ಇಷ್ಟು: ಅಕ್ರಿಲಿಕ್ ಶೀಟನ್ನ ಕತ್ತರಿಸುವಾಗ, ಬಗ್ಗಿಸುವಾಗ, ಸ್ಕ್ರೂ ಬಿಗಿಯುವಾಗ ಅದರೊಳಗೆ ಒಂದು ಎಳೆತ ಉಳಿದಿರುತ್ತೆ. ಥಿನ್ನರ್, ಅಸಿಟೋನ್, ಪೆಟ್ರೋಲ್, ಸ್ಪಿರಿಟ್ ಅಂಥದ್ದು ಒಳಗಿಳಿದ್ರೆ ಆ ಎಳೆತ ಇರೋ ಕಡೆಯೆಲ್ಲ ಬಿರುಕು ಬಾಯಿ ಬಿಡುತ್ತೆ. ಅಮೋನಿಯಾ ಇರೋ ಗಾಜಿನ ಕ್ಲೀನರ್ ಕೂಡ ಅಕ್ರಿಲಿಕ್‌ಗೆ ಆಗಿಬರಲ್ಲ. ಅಂಟು ತೆಗೆಯೋಕೆ ಸೋಪಿನ ಉಗುರುಬೆಚ್ಚಗಿನ ನೀರು, ಸ್ವಲ್ಪ ಅಡುಗೆ ಎಣ್ಣೆ, ತಾಳ್ಮೆ, ಇಷ್ಟೇ ಸಾಕಿತ್ತು.

ಬೇಕಾದ ಸಾಮಾನು

ವಾಟರ್ ಪೇಪರ್ 800, 1000, 1500, 2000 ನಂಬರ್ (ಕಾರ್ ಪೇಂಟ್ ಅಂಗಡಿಯಲ್ಲಿ 3000 ಸಿಕ್ಕಿದ್ರೆ ಅದೂ ಇರಲಿ). ಪೇಪರ್ ಸುತ್ತೋಕೆ ರಬ್ಬರ್ ತುಂಡು. ಎರಡು ಬಕೆಟ್ ನೀರು, ಒಂದೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಪ್ಲಾಸ್ಟಿಕ್‌ಗೆ ಅಂತಲೇ ಬರುವ ಪಾಲಿಷ್. ಹಳೇ ಹತ್ತಿ ಬನಿಯನ್ ಬಟ್ಟೆ, ಒಗೆದು ಒಣಗಿಸಿದ್ದು. ಮಾಸ್ಕಿಂಗ್ ಟೇಪ್.

ಮಾಡೋ ಕ್ರಮ

1. ತೊಳೆಯಿರಿ. ಆದಷ್ಟೂ ಕಿಟಕಿಯನ್ನ ಫ್ರೇಮಿಂದ ಬಿಚ್ಚಿ, ಮಡಚಿದ ಬೆಡ್‌ಶೀಟ್ ಮೇಲೆ ಇಡಿ. ಬಿಚ್ಚೋಕೆ ಆಗದಿದ್ರೆ ಸುತ್ತ ಪೇಂಟಿಗೆ ಟೇಪ್ ಹಾಕಿ. ಮೊದಲು ಮುಟ್ಟದೆ ನೀರು ಸುರಿದು ಧೂಳು ಇಳಿಸಿ. ಆಮೇಲೆ ಸೋಪಿನ ನೀರಲ್ಲಿ ಬರಿಗೈಯಿಂದ ಸವರಿ. ಮರಳಿನ ಕಣ ಉಳಿದಿದ್ರೆ ಕೈಗೇ ಗೊತ್ತಾಗುತ್ತೆ.

2. ಗೀರು ಯಾವ ಕಡೆ ಇದೆ ನೋಡಿ. ಒಳಗಡೆಯೂ ಇರಬಹುದು. ಹೊರಗಡೆ ಎಷ್ಟು ಉಜ್ಜಿದ್ರೂ ಒಳಗಿನ ಗೀರು ಹೋಗಲ್ಲ.

3. ನೀರು ಹಾಕ್ತಾ ಉಜ್ಜಿ. ವಾಟರ್ ಪೇಪರನ್ನ ಹತ್ತು ನಿಮಿಷ ನೀರಲ್ಲಿ ನೆನೆಸಿ, ರಬ್ಬರ್ ತುಂಡಿಗೆ ಸುತ್ತಿ, ಹಗುರವಾಗಿ ಒಂದೇ ದಿಕ್ಕಿಗೆ ಎಳೆದು ಉಜ್ಜಿ. ಭಾರ ಹಾಕ್ಬೇಡಿ. ಗೀರಿನ ಮೇಲಷ್ಟೇ ಉಜ್ಜಿದ್ರೆ ಅಲ್ಲೊಂದು ಗುಳಿಯಾಗಿ, ಅದರ ಮೂಲಕ ನೋಡಿದ್ರೆ ರಸ್ತೆ ಸೊಟ್ಟಗೆ ಕಾಣುತ್ತೆ. ಅದಕ್ಕೆ ಸುತ್ತಲೂ ಅಗಲವಾಗಿ ಉಜ್ಜಬೇಕು.

4. ದಿಕ್ಕು ಬದಲಾಯಿಸಿ. 800ರಲ್ಲಿ ಅಡ್ಡ ಉಜ್ಜಿದ್ರೆ 1000ದಲ್ಲಿ ಉದ್ದಕ್ಕೆ, 1500ರಲ್ಲಿ ಮತ್ತೆ ಅಡ್ಡ. ಹಿಂದಿನ ಪೇಪರಿನ ಗೆರೆ ಒಂದೂ ಉಳಿದಿಲ್ಲ ಅಂತ ಆದ ಮೇಲೇ ಮುಂದಿನ ನಂಬರಿಗೆ ಹೋಗಿ. ಪ್ರತಿ ನಂಬರ್ ಮುಗಿದಾಗ ಶೀಟು, ಕೈ, ರಬ್ಬರ್ ತುಂಡು ತೊಳೆದು ನೀರು ಬದಲಾಯಿಸಿ. 800ರ ಒಂದು ಕಣ 2000ದ ಪೇಪರಿನ ಕೆಳಗೆ ಸಿಕ್ಕಿಕೊಂಡ್ರೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ.

ಈ ಹಂತದಲ್ಲಿ ಕಿಟಕಿ ಪೂರ್ತಿ ಬೆಳ್ಳಗೆ, ಬಾತ್‌ರೂಮ್ ಗಾಜಿನ ಹಾಗೆ ಕಾಣುತ್ತೆ. ಹೆದರ್ಬೇಡಿ. ಹಾಗೇ ಆಗ್ಬೇಕು.

5. ಪಾಲಿಷ್ ಮಾಡಿ. ಒಣ ಬನಿಯನ್ ಬಟ್ಟೆಗೆ ಸ್ವಲ್ಪ ಪಾಲಿಷ್ ತಗೊಂಡು, ಮೊದಲು ಮೂಲೆಯಲ್ಲಿ ಹಾಕಿ ನೋಡಿ. ಏನೂ ತೊಂದ್ರೆ ಇಲ್ಲ ಅಂದ್ರೆ ಅಂಗೈ ಅಗಲದ ಜಾಗ ತಗೊಂಡು ಸುತ್ತಿಸಿ ಉಜ್ಜಿ. ಬೇರೆ ಬಟ್ಟೆಯಲ್ಲಿ ಒರೆಸಿ. ಎರಡು ಮೂರು ಸಲ ಮಾಡ್ಬೇಕು. ಕೈ ನೋಯುತ್ತೆ, ಸುಳ್ಳು ಹೇಳಲ್ಲ. ಮಾವನ ಒಂದು ಕಿಟಕಿಗೆ ನಂಗೆ ಅರ್ಧ ದಿನ ಹಿಡೀತು.

ಟೂತ್‌ಪೇಸ್ಟ್ ಆಗುತ್ತಾ ಅಂತ ಎಲ್ರೂ ಕೇಳ್ತಾರೆ. ಬಿಳಿ ಪೇಸ್ಟ್ ಆದ್ರೆ ಉಗುರಿಗೆ ಸಿಗದ ಸಣ್ಣ ಗೀರಿಗೆ ಸ್ವಲ್ಪ ಆಗುತ್ತೆ. ಆಳದ ಗೀರಿಗೆ ಆಗಲ್ಲ.

ಗೀರು ಎಲ್ಲಿಗೆ ಹೋಗುತ್ತೆ?

ನಿಜ ಹೇಳ್ಬೇಕು ಅಂದ್ರೆ ನಾವು ಗೀರನ್ನ ಮುಚ್ಚಲ್ಲ. ದೊಡ್ಡ ಗೀರನ್ನ ಸಣ್ಣ ಗೀರು ಮಾಡ್ತೀವಿ, ಸಣ್ಣದನ್ನ ಇನ್ನೂ ಸಣ್ಣದು ಮಾಡ್ತೀವಿ. ಗೀರಿನ ಅಂಚಿಗೆ ಬೆಳಕು ಬಡಿದು ಚದುರೋದ್ರಿಂದಲೇ ಕಿಟಕಿ ಬೆಳ್ಳಗೆ ಕಾಣೋದು. 800 ನಂಬರ್ ಪೇಪರಿನ ಕಣ ಸುಮಾರು 22 ಮೈಕ್ರಾನ್, 2000ದ್ದು ಸುಮಾರು 10 ಮೈಕ್ರಾನ್. ಒಂದು ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಅರ್ಧ ಮೈಕ್ರಾನ್ ಆಸುಪಾಸು. ಪಾಲಿಷ್ ಉಳಿಸುವ ಗೀರು ಅದಕ್ಕಿಂತಲೂ ಸಣ್ಣದಾದಾಗ ಬೆಳಕು ಚದುರದೆ ನೇರ ಹಾದುಹೋಗುತ್ತೆ. ನಮಗೆ ಕಿಟಕಿ ತಿಳಿಯಾಗಿ ಕಾಣುತ್ತೆ. ಮಧ್ಯದ ನಂಬರ್ ಬಿಟ್ಟು 800ರಿಂದ ನೇರ ಪಾಲಿಷ್‌ಗೆ ಹಾರಿದ್ರೆ ಯಾಕೆ ಮಂಜು ಉಳಿಯುತ್ತೆ ಅನ್ನೋದೂ ಇದರಿಂದಲೇ ಗೊತ್ತಾಗುತ್ತೆ.

ಮಷಿನ್ ಹಾಕಬಹುದಾ?

ಹಾಕಬಹುದು, ಹುಷಾರಾಗಿ. ಡ್ರಿಲ್ಲಿಂಗ್ ಮಷಿನ್‌ಗೆ ಫೋಮ್ ಪ್ಯಾಡ್ ಹಾಕಿ ನಿಧಾನದ ಸ್ಪೀಡಲ್ಲಿ ಓಡಿಸಿ, ಒಂದೇ ಕಡೆ ನಿಲ್ಲಿಸ್ಬೇಡಿ. ಅಕ್ರಿಲಿಕ್ ಸುಮಾರು 100 ಡಿಗ್ರಿಗೆ ಮೆತ್ತಗಾಗೋಕೆ ಶುರುವಾಗುತ್ತೆ. ಉಜ್ಜುವ ಬಿಸಿಗೆ ಮೇಲ್ಮೈ ಕರಗಿ ಮೆತ್ತಿಕೊಂಡ್ರೆ ಸರಿ ಮಾಡೋದು ಕಷ್ಟ. ಆಗಾಗ ಕೈ ಇಟ್ಟು ನೋಡಿ, ಬಿಸಿ ಅನ್ಸಿದ್ರೆ ನಿಲ್ಲಿಸಿ. ವೆಲ್ಡಿಂಗ್ ಶಾಪಿನ ಸಣ್ಣ ಗ್ರೈಂಡರ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟುತ್ತೆ. ಅದನ್ನ ಕಿಟಕಿ ಹತ್ರಾನೂ ತರಬೇಡಿ.

ವಾಪಸ್ ಕೂರಿಸುವಾಗ

ಅಕ್ರಿಲಿಕ್ ಬಿಸಿಲಿಗೆ ಕಬ್ಬಿಣಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತೆ. ಒಂದು ಮೀಟರ್ ಶೀಟು 40 ಡಿಗ್ರಿ ಬಿಸಿ ಏರಿದ್ರೆ ಹತ್ತಿರ ಹತ್ತಿರ 3 ಮಿಲಿಮೀಟರ್ ಉದ್ದ ಆಗುತ್ತೆ. ಅದಕ್ಕೆ ಸ್ಕ್ರೂ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ, ರಬ್ಬರ್ ವಾಷರ್ ಹಾಕಿ, ಪೂರ್ತಿ ಬಿಗಿಯಬೇಡಿ. ತೂತಿನ ಸುತ್ತ ಬಿರುಕು ಬರೋದು ಹೆಚ್ಚಾಗಿ ಬಿಗಿ ಜಾಸ್ತಿಯಾಗೇ.

ಕಾನೂನು ಏನು ಹೇಳುತ್ತೆ?

ಕೇಂದ್ರ ಮೋಟಾರು ವಾಹನ ನಿಯಮ 1989ರ 100ನೇ ನಿಯಮದಲ್ಲಿ ವಾಹನದ ಗಾಜು ಸೇಫ್ಟಿ ಗ್ಲಾಸ್ ಅಥವಾ ಸೇಫ್ಟಿ ಗ್ಲೇಜಿಂಗ್ ಆಗಿರಬೇಕು ಅಂತಿದೆ. ಆದರೆ ಮೂರು ಚಕ್ರದ ವಾಹನ ಮತ್ತು ಹುಡ್, ಸೈಡ್ ಕವರ್ ಇರೋ ವಾಹನಗಳ ಕಿಟಕಿಗೆ ಅಕ್ರಿಲಿಕ್ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಶೀಟು ಹಾಕೋಕೆ ಅದೇ ನಿಯಮ ಅವಕಾಶ ಕೊಟ್ಟಿದೆ. ಹುಡ್ ಜೀಪಿನವರಿಗೆ, ಆಟೋದವರಿಗೆ ಇದು ಅನ್ವಯ ಆಗುತ್ತೆ. ಪಕ್ಕದ ಕಿಟಕಿಯಲ್ಲಿ ಕನಿಷ್ಠ ಶೇ 50, ಮುಂದೆ ಹಿಂದೆ ಕನಿಷ್ಠ ಶೇ 70 ಬೆಳಕು ಹಾಯಬೇಕು. ಮುಂದಿನ ಗಾಜಿನ ಜಾಗಕ್ಕೆ ಮಾತ್ರ ಯಾವತ್ತೂ ಅಕ್ರಿಲಿಕ್ ಹಾಕ್ಸಬೇಡಿ. ವೈಪರ್ ಓಡಿದ್ರೇ ಅದು ಗೀರಾಗುತ್ತೆ.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನಕ್ಕೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತೆ. ವಾಹನ ಮೂಲ ರೂಪದಲ್ಲೇ ಇರಬೇಕು, ಛಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹಾಗಾಗಿ ಆ ಯೋಚನೆ ಇರೋರು ಹಳೇದನ್ನ ಉಳಿಸಿಕೊಳ್ಳೋದೇ ಲೇಸು.

ಅಂಗಡಿಯವರಿಗೂ ಇದೇ ಪಾಠ

ಬೇಕರಿ ಕೌಂಟರ್, ಮೊಬೈಲ್ ಅಂಗಡಿ ಸ್ಟ್ಯಾಂಡ್, ಹೆಸರಿನ ಬೋರ್ಡು ಅಕ್ರಿಲಿಕ್ ಆಗಿದ್ರೆ ಮೇಲಿನ ಕ್ರಮ ಹಾಗೇ ನಡೆಯುತ್ತೆ. ಕೊರೊನಾ ಕಾಲದಲ್ಲಿ ಗಲ್ಲಾ ಮುಂದೆ ಹಾಕಿದ ಶೀಟುಗಳ ಅಂಚು ಎಷ್ಟೋ ಕಡೆ ಬಿರುಕು ಬಿಟ್ಟಿರೋದನ್ನ ನೋಡಿರ್ತೀರ. ದಿನಾ ಸ್ಯಾನಿಟೈಸರ್ ಹಾಕಿ ಒರೆಸಿದ್ರೆ ಹಾಗಾಗುತ್ತೆ, ಅದರಲ್ಲಿರೋದು ಆಲ್ಕೋಹಾಲ್. ಬೆಳಿಗ್ಗೆ ಅಂಗಡಿ ತೆಗೆದಾಗ ಒಣ ಬಟ್ಟೆಯಲ್ಲಿ ಧೂಳು ಹೊಡೆಯೋ ಅಭ್ಯಾಸ ಬಿಟ್ಟು, ಒದ್ದೆ ಮೆತ್ತನೆ ಬಟ್ಟೆ ಬಳಸಿದ್ರೆ ಶೀಟು ಬಹಳ ವರ್ಷ ಬರುತ್ತೆ. ಕಾಗದದಲ್ಲಿ ಒರೆಸ್ಬೇಡಿ, ಅದೂ ಗೀರುತ್ತೆ.

ಮಾವನ ಬಲಗಡೆ ಕಿಟಕಿ ಈಗ ತಿಳಿಯಾಗಿದೆ. ಹೊಸದರ ಹಾಗಿಲ್ಲ, ಒಂದು ಆಳದ ಗೀರು ಕೆಳಮೂಲೆಯಲ್ಲಿ ಉಳಿದಿದೆ. ಅದನ್ನ ಇನ್ನೂ ಉಜ್ಜಿದ್ರೆ ಶೀಟು ತೆಳ್ಳಗಾಗುತ್ತೆ ಅಂತ ಬಿಟ್ಟೆ. ಎಡಗಡೆಗೆ ಹೊಸ ಶೀಟು ಕೂರಿಸಿದ್ದೇವೆ, ದುಡ್ಡು ನಂದೇ. ಮೊನ್ನೆ ರಾತ್ರಿ ಅದೇ ತಿರುವಿನಲ್ಲಿ ಬಲಗಡೆಯಿಂದ ಲೈಟ್ ಬಂದಾಗ ಮಾವ ಜೀಪು ನಿಲ್ಲಿಸಿ, ಬೈಕಿಗೆ ದಾರಿ ಬಿಟ್ಟು, ಆಮೇಲೆ ತಿರುಗಿಸಿದ್ರು.

ನಿಮ್ಮ ಜೀಪನ್ನ ಇವತ್ತು ಸಂಜೆ ಒಮ್ಮೆ ನೋಡಿ. ಒಳಗೆ ಕೂತು, ಹೊರಗಿಂದ ಯಾರಾದ್ರೂ ಪಕ್ಕದ ಕಿಟಕಿಗೆ ಮೊಬೈಲ್ ಟಾರ್ಚ್ ಬಿಡಲಿ. ಟಾರ್ಚ್ ಹಿಡಿದವರ ಮುಖ ಕಾಣದೆ ಬರೀ ಬಿಳಿ ಕಂಡ್ರೆ, ಮಳೆ ಶುರುವಾಗೋಕೆ ಮುಂಚೆ ಒಂದು ಭಾನುವಾರ ಇದಕ್ಕೆ ಇಡಿ.