ಪಾತ್ರೆಯೊಳಗೆ ಮಳೆ

ಜಲಚಕ್ರವನ್ನು ಮನೆಯಂಗಳದಲ್ಲೇ ಕಾಣಲು ಅಗಲವಾದ ಪಾತ್ರೆ, ಗಿಡ್ಡ ಲೋಟ, ತೆಳು ಪ್ಲಾಸ್ಟಿಕ್ ಹಾಳೆ, ಒಂದು ಹಿಡಿ ಉಪ್ಪು ಮತ್ತು ಒಳ್ಳೆಯ ಬಿಸಿಲು ಸಾಕು. ತೊಳೆದ ಪಾತ್ರೆಗೆ ಎರಡು ಬೆರಳಿನಷ್ಟು ನೀರು ಹಾಕಿ ಉಪ್ಪು ಕದಡಬೇಕು. ನಡುವೆ ಇಡುವ ಖಾಲಿ ಲೋಟದ ಬಾಯಿ ನೀರಿಗಿಂತ ಮೇಲಿದ್ದು, ಪಾತ್ರೆಯ ಅಂಚಿಗಿಂತ ಕೆಳಗಿರಬೇಕು. ಹಾಳೆ ಮುಚ್ಚಿ ಸುತ್ತಲೂ ದಾರದಿಂದ ಬಿಗಿದು, ಲೋಟದ ನೇರಕ್ಕೆ ಸಣ್ಣ ಕಲ್ಲಿಟ್ಟರೆ ಹಾಳೆ ಅಲ್ಲಿ ತಗ್ಗುತ್ತದೆ. ಕಟ್ಟು ಸಡಿಲವಾದರೆ ಆವಿ ತಪ್ಪಿಸಿಕೊಂಡು ಪ್ರಯೋಗ ಕೆಡುತ್ತದೆ.

ಬಿಸಿಲೇರಿದಂತೆ ಹಾಳೆಯ ಒಳಮೈ ಮೊದಲು ಮಸುಕಾಗುತ್ತದೆ. ಆಮೇಲೆ ಮಣಿಯಂಥ ಹನಿಗಳು ಮೂಡಿ, ಒಂದನ್ನೊಂದು ಕೂಡಿ, ತಗ್ಗಿನ ಕಡೆ ಜಾರಿ ಲೋಟಕ್ಕೆ ತೊಟ್ಟಿಕ್ಕುತ್ತವೆ. ಸಂಜೆಗೆ ಆ ನೀರನ್ನು ನಾಲಿಗೆಗೆ ಹಚ್ಚಿದರೆ ಉಪ್ಪಿರುವುದಿಲ್ಲ. ಬಿಸಿಲಿಗೆ ನೀರು ಮಾತ್ರ ಆವಿಯಾಯಿತು, ಉಪ್ಪು ಪಾತ್ರೆಯಲ್ಲೇ ಉಳಿಯಿತು; ತಂಪಾದ ಹಾಳೆ ತಾಕಿದ ಆವಿ ಮತ್ತೆ ನೀರಾಯಿತು. ಕಡಲ ನೀರು ಉಪ್ಪಾದರೂ ಮಳೆ ಸಿಹಿಯಾಗಿರುವುದು ಇದೇ ಕಾರಣಕ್ಕೆ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಇದೇ ಚಕ್ರ ಬಹು ದೊಡ್ಡದಾಗಿ ಸುತ್ತುತ್ತದೆ. ಯಳಂದೂರನ್ನು ಹಾಯ್ದು ಬರುವ ಸುವರ್ಣಾವತಿ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕಾವೇರಿ ಭರಚುಕ್ಕಿಯಲ್ಲಿ ಧುಮುಕಿ, ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಯ ಉಪ್ಪುನೀರಿಗೆ ಬೀಳುತ್ತದೆ. ಅದೇ ಕೊಲ್ಲಿಯಿಂದ ಎದ್ದ ಆವಿಯನ್ನು ಹಿಂಗಾರಿನ ಗಾಳಿ ಅಕ್ಟೋಬರ್ ಹೊತ್ತಿಗೆ ಹೊತ್ತು ತಂದು ಈ ಭಾಗದಲ್ಲಿ ಸುರಿಸುತ್ತದೆ. ಮುಂಗಾರಿನ ಬಹುಪಾಲನ್ನು ಪಶ್ಚಿಮಘಟ್ಟವೇ ಹಿಡಿದುಕೊಳ್ಳುವುದರಿಂದ ಹನೂರಿನ ಮಳೆಯಾಶ್ರಿತ ಹೊಲಗಳಿಗೆ ಈ ಮಳೆ ತುಂಬ ಮುಖ್ಯ.

ಬೆಟ್ಟದ ಪಾತ್ರವೂ ದೊಡ್ಡದು. ಗಾಳಿ ಬಿಳಿಗಿರಿರಂಗನ ಬೆಟ್ಟವನ್ನೋ ಮಲೆ ಮಹದೇಶ್ವರ ಬೆಟ್ಟವನ್ನೋ ಏರುವಾಗ ತಣ್ಣಗಾಗಿ, ಅದರ ಆವಿ ಮೋಡವಾಗುತ್ತದೆ. ಪ್ರಯೋಗದಲ್ಲಿ ಹಾಳೆ ಮಾಡಿದ ಕೆಲಸವನ್ನು ಇಲ್ಲಿ ಎತ್ತರದ ತಂಪು ಮಾಡುತ್ತದೆ. ಆದರೆ ಪಾತ್ರೆಯಲ್ಲಿ ಗಾಳಿಯಿಲ್ಲ, ಇಂಗಿಸಿಕೊಳ್ಳುವ ಮಣ್ಣಿಲ್ಲ. ಮಳೆ ಎಲ್ಲಿ ಬೀಳಬೇಕು, ಬಾವಿಗೆ ಎಷ್ಟು ಇಳಿಯಬೇಕು ಎಂಬುದನ್ನು ತೀರ್ಮಾನಿಸುವವು ಇವೇ. ಮಕ್ಕಳಿಗೆ ಈ ಕೊರತೆಯನ್ನೂ ಹೇಳಲೇಬೇಕು.

ಪಾತ್ರೆಯಲ್ಲಿ ಕಾಣದ ಇನ್ನೊಂದು ಕೊಂಡಿ ಮರ. ಬಿಸಿಲಿನಲ್ಲಿರುವ ಹೊಂಗೆಯ ಎಲೆಗೊಂಚಲಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಬಾಯಿ ಕಟ್ಟಿದರೆ ಕೆಲವೇ ಗಂಟೆಗಳಲ್ಲಿ ಒಳಗೆ ಹನಿ ಕಟ್ಟುತ್ತದೆ. ಬೇರು ಹೀರಿದ ನೀರನ್ನು ಎಲೆ ಆವಿಯಾಗಿ ಬಿಟ್ಟದ್ದಕ್ಕೆ ಅದು ಸಾಕ್ಷಿ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದ ಕಾಡಿನ ಮರಗಳೂ ಹೀಗೆಯೇ ಹಗಲೆಲ್ಲ ನೀರನ್ನು ಗಾಳಿಗೆ ಮರಳಿಸುತ್ತವೆ.