ಪಾರ್ಶ್ವವಾಯು: ಪಥ್ಯವೂ ನಿತ್ಯವ್ಯಾಯಾಮವೂ

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ ಜನರು ‘ಲಕ್ವ ಹೊಡೆಯಿತು’ ಎನ್ನುವ ವ್ಯಾಧಿಯೇ ಪಾರ್ಶ್ವವಾಯು. ಈ ಮಾತು ಕಿವಿಗೆ ಬಿದ್ದೊಡನೆಯೇ ಮನೆಯವರ ಧೈರ್ಯವು ಕುಸಿದುಹೋಗುತ್ತದೆ. ರೋಗಿಯನ್ನು ಮೂಲೆಯ ಮಂಚಕ್ಕೆ ಸೇರಿಸಿ, ‘ಇನ್ನು ಇವರ ಬಾಳು ಇಷ್ಟೇ’ ಎಂದು ತೀರ್ಮಾನಿಸಿಬಿಡುವುದೂ ಉಂಟು. ಈ ತೀರ್ಮಾನವು ಎಷ್ಟು ಅವಸರದ್ದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಐವತ್ತರಲ್ಲೊಂದು ಭಾಗ. ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದರಲ್ಲೊಂದು ಭಾಗವು ಅದಕ್ಕೇ ಬೇಕು. ಅದನ್ನು ಒಯ್ಯುವ ರಕ್ತನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದರೆ, ಅಥವಾ ಒಡೆದರೆ, ಕೆಲವೇ ನಿಮಿಷಗಳಲ್ಲಿ ಅಲ್ಲಿಯ ಜೀವಕೋಶಗಳು ಸಾಯತೊಡಗುತ್ತವೆ. ಮಿದುಳಿನ ಎಡಭಾಗವು ದೇಹದ ಬಲಭಾಗವನ್ನು ಆಳುವುದರಿಂದ, ಎಡಕ್ಕೆ ಪೆಟ್ಟಾದರೆ ಬಲಗೈ ಬಲಗಾಲುಗಳು ಸೋಲುತ್ತವೆ. ಅನೇಕರಿಗೆ ಮಾತೂ ನಿಂತುಹೋಗುತ್ತದೆ.

ಮುಖವು ಒಂದು ಕಡೆಗೆ ವಾಲುವುದು, ತೋಳು ಎತ್ತಲಾಗದಿರುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಥಟ್ಟನೆ ಕಂಡರೂ ಕ್ಷಣವೂ ತಡಮಾಡಬಾರದು. 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ನಾಳವು ಮುಚ್ಚಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಮಾಡದೆ ತಿಳಿಯದು. ಆದುದರಿಂದ ನಾವಾಗಿಯೇ ಮಾತ್ರೆ ನುಂಗಿಸಬಾರದು. ನೀರನ್ನೂ ಕುಡಿಸಬಾರದು; ನುಂಗುವ ಶಕ್ತಿ ಕುಂದಿದವನಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಕಲ್ಯಾಣದುರ್ಗದ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರು ನಮಗೆ ಪರಿಚಿತರು. ಅವರಿಗೆ ರಕ್ತದೊತ್ತಡವಿತ್ತು. ‘ಈಗ ಚೆನ್ನಾಗಿದ್ದೇನೆ’ ಎಂದು ಮಾತ್ರೆಗಳನ್ನು ನಿಲ್ಲಿಸಿದ್ದರು. ಒಂದು ಬೆಳಗ್ಗೆ ಬಲಭಾಗವು ಸೋತುಹೋಯಿತು. ಮನೆಯವರು ಮೊದಲು ನಾಟಿ ಔಷಧಿಗೆಂದು ಕರೆದೊಯ್ದು ಅರ್ಧ ದಿನವನ್ನು ಕಳೆದರು. ಆ ಅರ್ಧ ದಿನವು ಮರಳಿ ಬರಲಿಲ್ಲ. ಪ್ರಾಣವೇನೋ ಉಳಿಯಿತು, ಆದರೆ ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ಸೀಮೆಸುಣ್ಣವನ್ನು ಹಿಡಿಯದಾಯಿತು.

ಹಿಂದೂಪುರದಲ್ಲಿದ್ದ ಮಗಳ ಮನೆಯಲ್ಲಿ ಅವರ ಆರೈಕೆ ನಡೆಯಿತು. ಮಗಳು ಪ್ರೀತಿಯಿಂದ ತುತ್ತು ಮಾಡಿ ಉಣಿಸುತ್ತಿದ್ದಳು. ವ್ಯಾಯಾಮ ಕಲಿಸಲು ಬಂದವರು ಅದನ್ನೇ ಮೊದಲು ತಡೆದರು. ‘ನೀವು ಉಣಿಸಿದಷ್ಟು ದಿನವೂ ಅವರ ಕೈಗೆ ಕೆಲಸವಿಲ್ಲ, ಅಮ್ಮಾ’ ಎಂದರು. ಈ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಸತ್ತ ಜೀವಕೋಶಗಳು ಮತ್ತೆ ಹುಟ್ಟಿ ಬರುವುದಿಲ್ಲ. ಆದರೆ ಹಳ್ಳವು ಹೆದ್ದಾರಿಯನ್ನು ಕೊಚ್ಚಿದಾಗ ಬಂಡಿಗಳು ಹೊಲದ ಬದಿಯಲ್ಲಿ ಹೊಸ ಜಾಡು ಮಾಡಿಕೊಳ್ಳುವಂತೆ, ಮಿದುಳಿನ ಉಳಿದ ಭಾಗವು ಕೆಲಸವನ್ನು ಕಲಿತುಕೊಳ್ಳಬಲ್ಲದು. ಬಂಡಿಯು ಮತ್ತೆ ಮತ್ತೆ ಓಡಾಡಿದರೆ ತಾನೆ ಜಾಡು ಬೀಳುವುದು? ಮೊದಲ ಕೆಲವು ತಿಂಗಳುಗಳಲ್ಲಿ ಈ ಕಲಿಕೆ ಚುರುಕಾಗಿರುತ್ತದೆ. ಅನಂತರವೂ ನಿಧಾನವಾಗಿ ಸಾಗುತ್ತದೆ.

ಆ ಉಪಾಧ್ಯಾಯರು ಮಂಚದ ಮೇಲೆ ಹೊರಳುವುದನ್ನು, ಕೂರುವುದನ್ನು, ಆಸರೆ ಹಿಡಿದು ನಿಲ್ಲುವುದನ್ನು ಕ್ರಮವಾಗಿ ಕಲಿತರು. ಸೋತ ತೋಳನ್ನು ಹಿಡಿದೆಳೆದು ಎಬ್ಬಿಸಬಾರದು, ಭುಜದ ಕೀಲು ನೋಯುತ್ತದೆ ಎಂಬುದನ್ನು ಮನೆಯವರು ಕಲಿತರು. ಮಧ್ಯಾಹ್ನ ಮೊರದ ಮುಂದೆ ಕೂತು ಹುರುಳಿಯ ಕಲ್ಲು ಆಯುವುದು, ಕಡಲೆಕಾಯಿ ಸುಲಿಯುವುದು ಬೆರಳುಗಳ ಅಭ್ಯಾಸವಾಯಿತು. ಸಂಜೆ ಮೊಮ್ಮಗನ ಸ್ಲೇಟಿನ ಮೇಲೆ ಅ, ಆ ತಿದ್ದುವರು. ನಮ್ಮ ಸೀಮೆಯ ಬಿಸಿಲು ಏರುವ ಮೊದಲೇ, ಒಳ್ಳೆಯ ಕೈಯಲ್ಲಿ ಊರುಗೋಲು ಹಿಡಿದು, ಹತ್ತು ಹೆಜ್ಜೆಯಿಂದ ಆರಂಭಿಸಿ ಅರ್ಧ ಗಂಟೆಯ ನಡಿಗೆಯವರೆಗೆ ಬಂದರು. ಒಮ್ಮೆಗೆ ಆಗದವರು ಹತ್ತು ನಿಮಿಷಗಳಂತೆ ಮೂರು ಸಲ ನಡೆಯಬಹುದು. ಹೊಸಿಲು, ಬಚ್ಚಲುಮನೆಗಳಲ್ಲಿ ಜಾರದಂತೆ ಎಚ್ಚರವಿರಬೇಕು. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಬೇಕು.

ವ್ಯಾಯಾಮವು ಕಳೆದುಹೋದುದನ್ನು ತರುವುದು. ಪಥ್ಯವು ಬಂದ ರೋಗವು ಮರುಕಳಿಸದಂತೆ ಕಾಯುವುದು. ಒಮ್ಮೆ ಪಾರ್ಶ್ವವಾಯುವಾದವರಿಗೆ ಎರಡನೆಯ ಸಲದ ಭಯವು ಇದ್ದೇ ಇರುತ್ತದೆ. ಅದಕ್ಕೆ ರಕ್ತದೊತ್ತಡವೇ ಮುಖ್ಯ ಕಾರಣ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಿಕ್ಕ ಚಮಚೆಯೊಳಗೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದು. ಬಜ್ಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ, ವನಸ್ಪತಿಯೂ ಬೇಡ. ಬೀಡಿ, ಹೊಗೆಸೊಪ್ಪು, ಮದ್ಯಗಳನ್ನು ಬಿಡಲೇಬೇಕು.

ಪಥ್ಯಕ್ಕಾಗಿ ದೂರದ ಪದಾರ್ಥಗಳನ್ನು ಹುಡುಕಬೇಕಾಗಿಲ್ಲ. ರಾಗಿ, ಹುರುಳಿ, ಸೊಪ್ಪಿನ ಸಾರು, ಮಜ್ಜಿಗೆ, ಉಪ್ಪು ಹಾಕದೆ ಬೇಯಿಸಿದ ಒಂದು ಹಿಡಿ ಕಡಲೆಕಾಯಿ, ಇವೆಲ್ಲವೂ ನಮ್ಮ ನೆಲದವೇ. ಆದರೆ ಒಂದು ಎಚ್ಚರಿಕೆ: ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ. ನುಂಗಲು ಕಷ್ಟವಿರುವ ದಿನಗಳಲ್ಲಿ ವೈದ್ಯರು ಒಪ್ಪುವವರೆಗೆ ಅದನ್ನು ಕೊಡಬಾರದು. ಸಕ್ಕರೆಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ಆಹಾರದ ಬದಲಾವಣೆಯನ್ನು ವೈದ್ಯರನ್ನು ಕೇಳಿಯೇ ಮಾಡತಕ್ಕದ್ದು. ಪಥ್ಯವಾಗಲಿ ವ್ಯಾಯಾಮವಾಗಲಿ ಮಾತ್ರೆಗಳಿಗೆ ಬದಲಲ್ಲ.

ಫ್ರಾನ್ಸಿನ ಲೂಯಿ ಪಾಶ್ಚರನಿಗೆ 1868ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಎಡಭಾಗಕ್ಕೆ ಪಾರ್ಶ್ವವಾಯುವಾಯಿತು. ಅದರ ಊನವು ಪೂರ್ಣವಾಗಿ ಹೋಗಲಿಲ್ಲ. ಹುಚ್ಚುನಾಯಿಯ ಕಡಿತಕ್ಕೆ ಅವನ ಲಸಿಕೆಯನ್ನು ಬಾಲಕನೊಬ್ಬನಿಗೆ ಕೊಟ್ಟುದು ಅದಾದ ಹದಿನೇಳು ವರ್ಷಗಳ ಮೇಲೆ, 1885ರಲ್ಲಿ.

ನಮ್ಮ ಉಪಾಧ್ಯಾಯರೂ ಪೂರ್ಣವಾಗಿ ಮೊದಲಿನಂತಾಗಿಲ್ಲ. ಕಾಲು ತುಸು ಎಳೆಯುತ್ತದೆ, ಅಕ್ಷರಗಳು ವಾಲುತ್ತವೆ. ಆದರೆ ತಮ್ಮ ಊಟವನ್ನು ತಾವೇ ಉಣ್ಣುತ್ತಾರೆ. ನಮಗೊಂದು ಕಾಗದವನ್ನೂ ತಮ್ಮ ಕೈಯಿಂದಲೇ ಬರೆದಿದ್ದಾರೆ. ವಿದ್ಯಾರ್ಥಿಗಳು ಈ ರೋಗದ ಮೂರು ಕುರುಹುಗಳನ್ನು ನೆನಪಿಟ್ಟುಕೊಂಡು ಇಂದೇ ಮನೆಯ ಹಿರಿಯರಿಗೆ ತಿಳಿಸಲಿ. ಹಿರಿಯರು ಮಾತ್ರೆಗಳನ್ನು ನುಂಗಿದರೇ ಎಂದು ದಿನವೂ ಕೇಳಲಿ. ಅಷ್ಟಾದರೆ ಈ ಬರಹವು ಸಾರ್ಥಕವಾಯಿತೆಂದು ಭಾವಿಸುತ್ತೇವೆ.