1956: ಗಡಿ ಬದಲಾಯಿತು, ಪಾಲೂ ಬದಲಾಯಿತು

1956ರ ಅಕ್ಟೋಬರ್ 31ರ ಸಂಜೆ ಬೀದರಿನ ಸರ್ಕಾರಿ ಕಚೇರಿಗಳು ಬಾಗಿಲು ಹಾಕುವಾಗ ಅವುಗಳ ರಾಜಧಾನಿ ಹೈದರಾಬಾದ್. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವಾಗ ಅದು ಬೆಂಗಳೂರು. ಹುಬ್ಬಳ್ಳಿಯ ವಕೀಲರಿಗೆ ಮುಂಬಯಿ ಹೈಕೋರ್ಟಿನ ಸಂಬಂಧ ಕಡಿದುಹೋಗಿತ್ತು, ಮಂಗಳೂರಿನವರಿಗೆ ಮದ್ರಾಸಿನದು. ಮಡಿಕೇರಿಯಲ್ಲಿದ್ದ ಪುಟ್ಟ ವಿಧಾನಸಭೆ ಇಲ್ಲವಾಗಿತ್ತು. ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದು ರಾತ್ರಿ ಕಳೆಯುವಷ್ಟರಲ್ಲಿ 19 ಜಿಲ್ಲೆಗಳ ಒಂದೇ ರಾಜ್ಯಕ್ಕೆ ಸೇರಿದ್ದರು. ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪ ಆ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಹಿಂದಿನ ದಿನದವರೆಗೆ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರ್ ರಾಜ್ಯಪಾಲರಾದರು.

ಆ ವರ್ಷವೆಂದರೆ ನಮಗೆ ಥಟ್ಟನೆ ನೆನಪಾಗುವುದು ಇದೇ ದಿನ. ಆದರೆ ಸ್ವತಂತ್ರ ಭಾರತಕ್ಕೆ ಒಂಬತ್ತು ತುಂಬಿದ ಆ ವರ್ಷ ಬದಲಾದದ್ದು ರಾಜ್ಯಗಳ ನಕ್ಷೆಯೊಂದೇ ಅಲ್ಲ. ಮನೆಯೊಳಗಿನ ಪಾಲುಪತ್ರವೂ ಬದಲಾಯಿತು. ಆ ಎರಡನೆಯ ಬದಲಾವಣೆಗೆ ಬಾವುಟವಿಲ್ಲ, ಮೆರವಣಿಗೆಯಿಲ್ಲ, ರಜೆಯಂತೂ ಇಲ್ಲವೇ ಇಲ್ಲ.

ವರ್ಷ ಶುರುವಾದದ್ದೇ ರೇಡಿಯೊದ ದೊಡ್ಡ ಸುದ್ದಿಯೊಂದಿಗೆ. ಜೀವವಿಮೆಯ ವ್ಯವಹಾರವನ್ನು ಸರ್ಕಾರ ವಹಿಸಿಕೊಂಡಿದೆ ಎಂದು ಜನವರಿ 19ರ ರಾತ್ರಿ ಹಣಕಾಸು ಸಚಿವ ಸಿ.ಡಿ. ದೇಶಮುಖ್ ಆಕಾಶವಾಣಿಯಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ; ಮೊದಲೇ ತಿಳಿದರೆ ಕಂಪನಿಗಳು ಹಣ ಸಾಗಿಸಿಬಿಟ್ಟಾವು ಎಂಬ ಭಯ. ಪಾಲಿಸಿದಾರರ ದುಡ್ಡನ್ನು ಮಾಲೀಕರು ಸ್ವಂತ ಉದ್ಯಮಗಳಿಗೆ ತಿರುಗಿಸಿಕೊಂಡ ಪ್ರಕರಣವನ್ನು ಫಿರೋಜ್ ಗಾಂಧಿ ಹಿಂದಿನ ತಿಂಗಳಷ್ಟೇ ಲೋಕಸಭೆಯಲ್ಲಿ ಬಿಚ್ಚಿಟ್ಟಿದ್ದರು. ಸೆಪ್ಟೆಂಬರ್ 1ಕ್ಕೆ 245 ಸಂಸ್ಥೆಗಳು ಸೇರಿ ಭಾರತೀಯ ಜೀವವಿಮಾ ನಿಗಮವಾಯಿತು. ಅಷ್ಟು ಹೊತ್ತಿಗೆ ದೇಶಮುಖರು ಮಂತ್ರಿಯಾಗಿ ಉಳಿದಿರಲಿಲ್ಲ. ಮುಂಬಯಿ ನಗರವನ್ನು ಮಹಾರಾಷ್ಟ್ರಕ್ಕೆ ಕೊಡದೆ ಕೇಂದ್ರದ ಕೈಯಲ್ಲಿಡುವ ಪ್ರಸ್ತಾವವನ್ನು ವಿರೋಧಿಸಿ ಜುಲೈನಲ್ಲಿ ರಾಜೀನಾಮೆ ಕೊಟ್ಟಿದ್ದರು.

ಗಡಿಯ ಪ್ರಶ್ನೆ ಅಷ್ಟು ಬಿಸಿಯಾಗಿತ್ತು. ಫಜಲ್ ಅಲಿ, ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತ್ತು. ಅದು ಹೊರಬಿದ್ದದ್ದೇ ತಡ, ಊರೂರಲ್ಲಿ ಲೆಕ್ಕಾಚಾರ ಶುರುವಾಯಿತು. ಮುಂಬಯಿಯ ಬೀದಿಗಳಲ್ಲಿ ಜನವರಿಯಲ್ಲೇ ಗೋಲಿಬಾರ್ ನಡೆದು ರಕ್ತ ಹರಿಯಿತು. ಬಳ್ಳಾರಿ ಭಾಗದ ತಾಲ್ಲೂಕುಗಳನ್ನು ತುಂಗಭದ್ರಾ ಅಣೆಕಟ್ಟಿನ ಸಮೇತ ಆಂಧ್ರಕ್ಕೆ ಬಿಡಬೇಕೆಂಬ ಆಯೋಗದ ಸಲಹೆಯನ್ನು ಕೇಂದ್ರ ಕೈಬಿಟ್ಟದ್ದು ಕನ್ನಡಿಗರ ಪುಣ್ಯ. ಕಾಸರಗೋಡಿನ ವಿಷಯದಲ್ಲಿ ಹಾಗಾಗಲಿಲ್ಲ. ಅದು ಕೇರಳಕ್ಕೆ ಹೋಯಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿದರೂ ಗಡಿ ಕದಲಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿನುದ್ದಕ್ಕೂ ಹೊತ್ತ ಕೊರಗು ಅದು.

ಹಳೆ ಮೈಸೂರಿನಲ್ಲೂ ಎಲ್ಲರೂ ಬಾಗಿಲು ತೆರೆದು ನಿಂತಿರಲಿಲ್ಲ. ನೀರಾವರಿ, ವಿದ್ಯುತ್ತು, ಕೈಗಾರಿಕೆ ಎಲ್ಲದರಲ್ಲೂ ಮುಂದಿದ್ದ ಸಂಸ್ಥಾನ ಹಿಂದುಳಿದ ಜಿಲ್ಲೆಗಳ ಭಾರ ಏಕೆ ಹೊರಬೇಕು ಎಂದು ಬಹಿರಂಗವಾಗಿಯೇ ಕೇಳಿದವರಿದ್ದರು. ಅವರ ಎದುರು ಏಕೀಕರಣದ ಪರ ನಿಂತ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಆಗಸ್ಟಿನಲ್ಲಿ ಕುರ್ಚಿ ಬಿಡಬೇಕಾಯಿತು. ಅವರೇ ಕಟ್ಟಿಸಿದ ವಿಧಾನಸೌಧ ಪೂರ್ಣಗೊಂಡದ್ದು ಅದೇ ವರ್ಷ. ಕಡಿದಾಳ್ ಮಂಜಪ್ಪ ಅಕ್ಟೋಬರ್ ಕೊನೆಯವರೆಗೆ ಆಡಳಿತ ನಡೆಸಿ ನಿಜಲಿಂಗಪ್ಪನವರಿಗೆ ಒಪ್ಪಿಸಿದರು.

ಒಂದಾದ ಮೇಲಿನ ಕೆಲಸ ಭಾಷಣದಷ್ಟು ಸುಲಭವಿರಲಿಲ್ಲ. ತಾಲ್ಲೂಕಿನ ಮುಖ್ಯಸ್ಥ ಮೈಸೂರಿನಲ್ಲಿ ಅಮಲ್ದಾರ, ಧಾರವಾಡದಲ್ಲಿ ಮಾಮಲೇದಾರ, ಕಲಬುರ್ಗಿಯಲ್ಲಿ ತಹಸೀಲ್ದಾರ. ಹಳ್ಳಿಯ ಲೆಕ್ಕ ಬರೆಯುವವನು ಒಂದು ಕಡೆ ಶಾನುಭೋಗ, ಇನ್ನೊಂದು ಕಡೆ ಕುಲಕರ್ಣಿ, ಮತ್ತೊಂದು ಕಡೆ ಪಟವಾರಿ. ನಿಜಾಮರ ಕಾಲದ ದಫ್ತರು ಉರ್ದುವಿನಲ್ಲಿತ್ತು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಪ್ರಕಾರ, ಹೊಸ ಕಾನೂನು ಬರುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನೇ ನಡೆಯಬೇಕು. ಹೀಗಾಗಿ ಒಂದೇ ರಾಜ್ಯದ ರೈತರು ಐದು ಬಗೆಯ ಕಂದಾಯ ಪದ್ಧತಿಗೆ ಒಳಪಟ್ಟಿದ್ದರು. ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಬರಲು 1964ರವರೆಗೆ ಕಾಯಬೇಕಾಯಿತು. ನೌಕರರ ಜ್ಯೇಷ್ಠತಾ ಪಟ್ಟಿಯ ತಗಾದೆಗಳು ಕೋರ್ಟು ಹತ್ತಿ ವರ್ಷಗಟ್ಟಲೆ ಎಳೆದವು. ಇಷ್ಟೆಲ್ಲ ಗೋಜಲಿನ ನಡುವೆ ರಾಜ್ಯವೊಂದನ್ನು ನಿಲ್ಲಿಸಿದ ಗುಮಾಸ್ತರು, ಶಿರಸ್ತೇದಾರರು, ತಹಸೀಲ್ದಾರರ ಶ್ರಮಕ್ಕೆ ನಮ್ಮ ಏಕೀಕರಣದ ಚರಿತ್ರೆಯಲ್ಲಿ ಸಿಕ್ಕ ಜಾಗ ತೀರಾ ಕಡಿಮೆ.

ಇನ್ನು ಪಾಲಿನ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರ ಜೂನ್ 17ರಂದು. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಆತನ ಸ್ವಂತ ಆಸ್ತಿಯಲ್ಲಿ ಮಗ, ಮಗಳು, ಹೆಂಡತಿ, ತಾಯಿ ಎಲ್ಲರಿಗೂ ಸಮಪಾಲು ಎಂದು ಅದು ಹೇಳಿತು. ಅದಕ್ಕಿಂತ ದೊಡ್ಡ ಮಾತು 14ನೆಯ ಕಲಮಿನಲ್ಲಿತ್ತು. ಅದುವರೆಗೆ ಗಂಡ ಸತ್ತ ಹೆಂಗಸಿಗೆ ಜಮೀನು ಬಂದರೂ ಅದು ಬದುಕಿರುವಷ್ಟು ದಿನ ಉಂಡುಕೊಂಡಿರಲು ಮಾತ್ರ. ಮನಸ್ಸು ಬಂದವರಿಗೆ ಬರೆದುಕೊಡುವಂತಿಲ್ಲ, ತಕ್ಕ ಕಾರಣ ತೋರಿಸದೆ ಮಾರುವಂತಿಲ್ಲ. ಆಕೆ ಕಣ್ಣು ಮುಚ್ಚಿದೊಡನೆ ಗಂಡನ ಕಡೆಯವರ ಪಾಲು. 14ನೆಯ ಕಲಮು ಆ ಕಟ್ಟನ್ನು ಬಿಚ್ಚಿತು. ಹೆಣ್ಣಿನ ವಶದಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದಿತು. ಮೊದಲೇ ಬಂದ ಆಸ್ತಿಗೂ ಇದು ಅನ್ವಯಿಸಿತು.

ಮೈಸೂರು ಸಂಸ್ಥಾನ 1933ರಲ್ಲೇ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ತಂದು ಈ ದಾರಿಯಲ್ಲಿ ಮುಂದಡಿ ಇಟ್ಟಿತ್ತು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ವಂಶ ಸಾಗುವುದೇ ಹೆಣ್ಣಿನ ಕಡೆಯಿಂದ, ಅವರಿಗಾಗಿ ಹೊಸ ಕಾಯ್ದೆಯಲ್ಲಿ ಬೇರೆಯೇ ನಿಯಮಗಳಿದ್ದವು. ಆದರೆ ಕೊರತೆಯೂ ದೊಡ್ಡದಿತ್ತು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರುವುದು ಗಂಡುಮಕ್ಕಳಿಗೆ ಮಾತ್ರ ಎಂಬ ಪದ್ಧತಿಯನ್ನು ಕಾಯ್ದೆ ಹಾಗೇ ಉಳಿಸಿತು. ಕರ್ನಾಟಕ ಅದನ್ನು ತಿದ್ದಿದ್ದು 1994ರಲ್ಲಿ, ಅದೂ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟು. ಇಡೀ ದೇಶಕ್ಕೆ ಸಮಪಾಲು ಬಂದದ್ದು 2005ರಲ್ಲಿ.

ಹಿಂದೂ ಸಂಹಿತೆ ಮಸೂದೆಗಾಗಿ ಬಡಿದಾಡಿ, ಅದು ಸಂಸತ್ತಿನಲ್ಲಿ ದಡ ಸೇರದಿದ್ದಾಗ 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟವರು ಡಾ. ಅಂಬೇಡ್ಕರ್. ಆ ಮಸೂದೆಯೇ ತುಂಡುತುಂಡಾಗಿ, ಸಾಕಷ್ಟು ತೆಳುವಾಗಿ, 1955 ಮತ್ತು 1956ರಲ್ಲಿ ಈ ಉತ್ತರಾಧಿಕಾರ ಕಾಯ್ದೆಯೂ ಸೇರಿ ನಾಲ್ಕು ಕಾಯ್ದೆಗಳಾಗಿ ಬಂತು. ಭಾಷಾವಾರು ರಾಜ್ಯಗಳ ಬಗ್ಗೆಯೂ ಅವರು 1955ರಲ್ಲಿ ಪುಸ್ತಕ ಬರೆದು, ಉತ್ತರದ ಭಾರೀ ರಾಜ್ಯಗಳನ್ನು ಒಡೆಯದೆ ದಕ್ಷಿಣಕ್ಕೆ ನ್ಯಾಯ ಸಿಗದು ಎಂದು ವಾದಿಸಿದ್ದರು. 1956ರ ಅಕ್ಟೋಬರ್ 14ರ ವಿಜಯದಶಮಿಯಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ದೀಕ್ಷೆ ಪಡೆದರು. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 6ರಂದು, ದೆಹಲಿಯಲ್ಲಿ ತೀರಿಕೊಂಡರು.  

ದೇಶಮುಖರದಲ್ಲದೆ ಮತ್ತೊಬ್ಬ ಕೇಂದ್ರ ಮಂತ್ರಿಯ ರಾಜೀನಾಮೆಯನ್ನೂ ಆ ವರ್ಷ ಕಂಡಿತು. ಸೆಪ್ಟೆಂಬರಿನಲ್ಲಿ ಮೆಹಬೂಬನಗರದ ಬಳಿ ಸೇತುವೆ ಕುಸಿದು ರೈಲು ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಾಗ ರೈಲ್ವೆ ಮಂತ್ರಿ ಲಾಲ್ ಬಹಾದುರ್ ಶಾಸ್ತ್ರಿ ರಾಜೀನಾಮೆ ಕೊಡಲು ಹೋದರು, ನೆಹರೂ ಒಪ್ಪಲಿಲ್ಲ. ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನಲ್ಲಿ ಅಂಥದೇ ಅಪಘಾತವಾದಾಗ ಶಾಸ್ತ್ರಿ ಪಟ್ಟು ಹಿಡಿದು ಹೊರಬಂದರು.

ನವೆಂಬರ್ 1ನ್ನು ನಾವು ಸಂಭ್ರಮದಿಂದ ಆಚರಿಸುತ್ತೇವೆ, ಆಚರಿಸಲೇಬೇಕು. ಜೂನ್ 17 ಕೂಡ ಅಷ್ಟೇ ನೆನಪಿಗೆ ಅರ್ಹವಾದ ದಿನ. ಮುಂದಿನ ಜೂನ್ 17ರಂದು ಮನೆಯ ಹಳೆಯ ಪಾಲುಪತ್ರ, ಪಹಣಿಗಳನ್ನು ಹೊರತೆಗೆದು ನೋಡಿ. ಅವುಗಳಲ್ಲಿ ಅಜ್ಜಿಯ, ಅತ್ತೆಯರ, ಅಕ್ಕತಂಗಿಯರ ಹೆಸರು ಎಲ್ಲಿದೆ, ಎಲ್ಲಿ ಹಕ್ಕುಬಿಡುಗಡೆಯ ಸಹಿಯಷ್ಟೇ ಉಳಿದಿದೆ ಎಂದು ಗಮನಿಸಿ. ಆ ಕಾಲ ಕಂಡ ಹಿರಿಯ ಹೆಂಗಸರು ಮನೆಯಲ್ಲಿ ಇನ್ನೂ ಇದ್ದರೆ ಪಕ್ಕದಲ್ಲಿ ಕೂತು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ.